ಐದರಲ್ಲಿ ನಾಲ್ಕು ಉತ್ತರ ಬಂದಾಗ

‘ಸರ್ವರ್ ಇಲ್ಲ, ನಾಳೆ ಬನ್ನಿ.’ ಯಳಂದೂರು, ಕೊಳ್ಳೇಗಾಲ, ಹನೂರು ಕಡೆಯ ಗ್ರಾಮ ಒನ್ ಕೇಂದ್ರಗಳಲ್ಲಿ, ನಾಡಕಚೇರಿಗಳಲ್ಲಿ, ಝೆರಾಕ್ಸ್ ಅಂಗಡಿಗಳಲ್ಲಿ ಈ ಮಾತು ಕೇಳದವರಿಲ್ಲ. ಅದನ್ನು ಯಾರ ತಪ್ಪೂ ಅಲ್ಲವೆಂದು ಒಪ್ಪಿಕೊಂಡು ಜನ ಎದ್ದುಹೋಗುತ್ತಾರೆ. ಬಿಳಿಗಿರಿರಂಗನ ಬೆಟ್ಟದ ಪೋಡಿನಿಂದ (ಹಾಡಿಯಿಂದ) 20 ಕಿ.ಮೀ.ಗೂ ಹೆಚ್ಚು ದೂರ ಇಳಿದು ಯಳಂದೂರಿಗೆ ಬಂದ ಸೋಲಿಗ ಕುಟುಂಬಕ್ಕೆ ಆ ಮಾತಿನ ಬೆಲೆ ಒಂದು ದಿನದ ಕೂಲಿ, ಹೋಗಿಬರುವ ಬಸ್ ಚಾರ್ಜು, ಮತ್ತೊಮ್ಮೆ ಬರಬೇಕಾದ ಹಂಗು. ಆದರೆ ‘ಸರ್ವರ್ ಇಲ್ಲ’ ಎಂಬುದು ಎಷ್ಟೋ ಸಲ ಅರ್ಧಸತ್ಯ. ಒಂದು ಪುಟ ತೆರೆದಾಗ ಬ್ರೌಸರ್ ಒಂದೇ ಸರ್ವರನ್ನು ಕೇಳುವ ಕಾಲ ಹೋಗಿ ಬಹಳ ವರ್ಷಗಳಾದವು. ಅದು ಐದಾರು ಕಡೆ ಏಕಕಾಲಕ್ಕೆ ಕೋರಿಕೆ ಕಳಿಸುತ್ತದೆ. ನಾಲ್ಕು ಕಡೆಯಿಂದ ಉತ್ತರ ಬಂದು ಒಂದು ಕಡೆಯಿಂದ ಬಾರದಿದ್ದಾಗ ಏನು ಮಾಡಬೇಕೆಂದು ತೀರ್ಮಾನಿಸುವುದು ಪುಟದೊಳಗೆ ಯಾರೋ ಬರೆದಿಟ್ಟ ಕೆಲವೇ ಸಾಲುಗಳ ಕೋಡ್. ಬಂದ ನಾಲ್ಕನ್ನು ಉಳಿಸಿಕೊಂಡು ಬಾರದ ಒಂದರ ಹೆಸರು ಹೇಳುವುದು ಆ ಸಾಲುಗಳಿಗೆ ಸಾಧ್ಯ. ನಾಲ್ಕನ್ನೂ ಎಸೆದು ಕೈಚೆಲ್ಲುವುದೂ ಸಾಧ್ಯ. ಸಾರ್ವಜನಿಕ ಸೇವೆಯ ಪುಟಗಳಲ್ಲಿ ಎರಡನೆಯದು ರೂಢಿಯಾಗಿರಕೂಡದು ಎಂಬುದು ನನ್ನ ವಾದ. ಯಾವುದೋ ಒಂದು ಇಲಾಖೆಯ ಪುಟದ ಮೇಲಿನ ಆರೋಪವಾಗಿ ಇದನ್ನು ಓದಬಾರದು. ನನ್ನ ತಕರಾರು ಇರುವುದು ಇಂಥ ಪುಟಗಳನ್ನು ಬರೆಯುವ ಅಭ್ಯಾಸದ ಜೊತೆ.

ಕೋರಿಕೆಗಳು ಇಷ್ಟೊಂದು ಯಾಕಾದವು ಎಂಬುದಕ್ಕೆ ಕರ್ನಾಟಕದ ಇಪ್ಪತ್ತೈದು ವರ್ಷಗಳ ಇ-ಆಡಳಿತವೇ ಸಾಕ್ಷಿ. ‘ಭೂಮಿ’ ಯೋಜನೆ ಶುರುವಾದಾಗ ತಾಲ್ಲೂಕು ಕಚೇರಿಯ ಕಂಪ್ಯೂಟರಿನಲ್ಲಿ ಪಹಣಿ ಇತ್ತು, 15 ರೂಪಾಯಿ ಕೊಟ್ಟವರಿಗೆ ಅದರ ಪ್ರತಿ ಸಿಗುತ್ತಿತ್ತು. ಕೇಳಬೇಕಾದ ಜಾಗ ಒಂದೇ. ಇವತ್ತು ಒಂದು ತುಂಡು ಜಮೀನಿನ ಸ್ಥಿತಿ ತಿಳಿಯಬೇಕಾದರೆ ಪಹಣಿ ಮತ್ತು ಮ್ಯುಟೇಶನ್ ಭೂಮಿಯಲ್ಲಿ, ಋಣಭಾರ ಪತ್ರ ಕಾವೇರಿಯಲ್ಲಿ, ಅಳತೆಯ ನಕ್ಷೆ ಮೋಜಿಣಿಯಲ್ಲಿ, ರೈತನ ಗುರುತಿನ ಸಂಖ್ಯೆ ಫ್ರೂಟ್ಸ್‌ನಲ್ಲಿ. ವಿದ್ಯಾರ್ಥಿವೇತನದ ಅರ್ಜಿಯ ಕಥೆಯೂ ಹೀಗೆಯೇ. ಆಧಾರ್, ಶಾಲೆಯ ಸ್ಯಾಟ್ಸ್ ಸಂಖ್ಯೆ, ನಾಡಕಚೇರಿ ಕೊಟ್ಟ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ, ಒಂದೊಂದೂ ಬೇರೆಬೇರೆ ದಾಖಲೆಮನೆಯ ಮಾಹಿತಿ. ಇಲಾಖೆಗಳನ್ನು ಒಂದಕ್ಕೊಂದು ಜೋಡಿಸಿದ್ದು ಒಳ್ಳೆಯದೇ ಆಯಿತು, ಜನ ಕಾಗದ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವುದು ಎಷ್ಟೋ ಕಡಿಮೆಯಾಯಿತು. ಆದರೆ ಹಿಂದೆ ಮನುಷ್ಯ ಅಲೆಯುತ್ತಿದ್ದ ಜಾಗಗಳಿಗೆಲ್ಲ ಈಗ ಕೋರಿಕೆಗಳು ಅಲೆಯುತ್ತಿವೆ. ನಾಲ್ಕು ಕಚೇರಿಯಲ್ಲಿ ಕೆಲಸ ಮುಗಿಸಿ ಐದನೆಯದು ಮುಚ್ಚಿದೆ ಎಂದು ಕಂಡ ಮನುಷ್ಯ ಕೈಯಲ್ಲಿದ್ದ ನಾಲ್ಕು ಕಾಗದಗಳನ್ನು ಹರಿದು ಮನೆಗೆ ಹೋಗುತ್ತಿರಲಿಲ್ಲ.

ಬ್ರೌಸರ್ ಈ ಕೆಲಸ ಮಾಡುವ ಬಗೆ ಗೊತ್ತಾದರೆ ವಾದ ಸ್ಪಷ್ಟವಾಗುತ್ತದೆ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಗಾಗಿ ಬ್ರೆಂಡನ್ ಐಕ್ ರೂಪಿಸಿದ ಜಾವಾಸ್ಕ್ರಿಪ್ಟ್ ಒಂದು ಪುಟದಲ್ಲಿ ಒಂದು ಹೊತ್ತಿಗೆ ಒಂದೇ ಕೆಲಸ ಮಾಡುವ ಭಾಷೆ. ಉತ್ತರಕ್ಕಾಗಿ ಅದು ಕಾದು ಕೂತರೆ ಇಡೀ ಪುಟ ಮರಗಟ್ಟುತ್ತದೆ. ಆದ್ದರಿಂದ ಕೋರಿಕೆಯನ್ನು ಹೊರಗೆ ಕಳಿಸಿ, ಉತ್ತರ ಬಂದಾಗ ಮಾಡಬೇಕಾದ ಕೆಲಸವನ್ನು ಮೊದಲೇ ಬರೆದಿಟ್ಟು, ಅದು ಮುಂದಕ್ಕೆ ಹೋಗುತ್ತದೆ. ಮೈಕ್ರೋಸಾಫ್ಟ್ 1999ರಲ್ಲಿ ತನ್ನ ಬ್ರೌಸರಿಗೆ ಸೇರಿಸಿದ ಒಂದು ಸೌಲಭ್ಯದಿಂದ ಪುಟವನ್ನು ಪೂರ್ತಿ ಮರಳಿ ತರದೆಯೇ ಹೀಗೆ ಹಿನ್ನೆಲೆಯಲ್ಲಿ ಕೇಳುವುದು ಸಾಧ್ಯವಾಯಿತು. 2005ರಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಈ ಪದ್ಧತಿಗೆ ಅಜಾಕ್ಸ್ ಎಂದು ಹೆಸರಿಟ್ಟ ಮೇಲೆ ಅದು ಎಲ್ಲೆಡೆ ಹಬ್ಬಿತು. ಕೋರಿಕೆಗಳನ್ನು ಒಂದರ ಹಿಂದೊಂದು ಕಳಿಸಿದರೆ, ಒಂದೊಂದಕ್ಕೆ 4 ಸೆಕೆಂಡಿನಂತೆ ಐದಕ್ಕೆ 20 ಸೆಕೆಂಡು ಬೇಕು. ಒಟ್ಟಿಗೆ ಕಳಿಸಿದರೆ ಹೆಚ್ಚುಕಡಿಮೆ 4 ಸೆಕೆಂಡಿನಲ್ಲಿ ಮುಗಿಯುತ್ತದೆ. ಒಟ್ಟಿಗೆ ಕಳಿಸುವುದೇ ಸರಿ ಎಂಬುದರಲ್ಲಿ ಅನುಮಾನವಿಲ್ಲ. ಕಷ್ಟವಿರುವುದು ಉತ್ತರಗಳನ್ನು ಒಟ್ಟುಗೂಡಿಸುವಲ್ಲಿ.

ಜಾವಾಸ್ಕ್ರಿಪ್ಟಿನ 2015ರ ಆವೃತ್ತಿ ಇದಕ್ಕೆಂದು ‘ಪ್ರಾಮಿಸ್’ ಎಂಬ ರಚನೆಯನ್ನು ಭಾಷೆಯೊಳಕ್ಕೇ ತಂದಿತು. ಮುಂದೆ ಬರಲಿರುವ ಉತ್ತರದ ಬದಲಿಗೆ ಈಗಲೇ ಕೈಗೆ ಸಿಗುವ ಒಂದು ಚೀಟಿ ಅದು. ಇಂಥ ಹಲವು ಚೀಟಿಗಳನ್ನು ಕಲೆಹಾಕಲು ಆಗ ಸಿಕ್ಕ ಮುಖ್ಯ ಸಾಧನ ಪ್ರಾಮಿಸ್.ಆಲ್. ಎಲ್ಲವೂ ಗೆದ್ದರೆ ಎಲ್ಲ ಉತ್ತರಗಳನ್ನೂ ಕೊಡುತ್ತದೆ, ಒಂದೇ ಒಂದು ಸೋತರೂ ಆ ಕ್ಷಣವೇ ಇಡೀ ಗುಂಪು ಸೋತಿತೆಂದು ಸಾರುತ್ತದೆ. ಉಳಿದ ಕೋರಿಕೆಗಳು ಅಷ್ಟಕ್ಕೇ ನಿಲ್ಲುವುದಿಲ್ಲ ಎಂಬುದು ಗಮನಿಸಬೇಕಾದ ವಿಷಯ. ಅವು ಸರ್ವರಿಗೆ ಹೋಗಿ, ಉತ್ತರ ಹೊತ್ತು ಬಂದೇ ಬರುತ್ತವೆ. ತೆಗೆದುಕೊಳ್ಳುವವರು ಮಾತ್ರ ಇರುವುದಿಲ್ಲ. ಪ್ರತಿಯೊಂದರ ಗತಿಯನ್ನೂ ಬೇರೆಬೇರೆಯಾಗಿ ತಿಳಿಸುವ ಪ್ರಾಮಿಸ್.ಆಲ್‌ಸೆಟಲ್ಡ್ ಭಾಷೆಗೆ ಸೇರಿದ್ದು 2020ರ ಆವೃತ್ತಿಯಲ್ಲಿ. ನಡುವಿನ ಐದು ವರ್ಷಗಳಲ್ಲಿ ಕಲಿತವರ ಕೈಗೆ ಮೊದಲನೆಯದೇ ರೂಢಿಯಾಯಿತು, ಅವರು ಬರೆದ ಪಾಠಗಳಿಂದ ಕಲಿತವರಿಗೂ ಅದೇ ಅಭ್ಯಾಸ ಅಂಟಿತು. ಬೆಂಗಳೂರಿನ ಕಚೇರಿಯ ವೇಗದ ಸಂಪರ್ಕದಲ್ಲಿ ಕೂತು ಬರೆಯುವವರಿಗೆ ಎಲ್ಲ ಉತ್ತರಗಳೂ ಬರುತ್ತವೆ. ಸೋಲು ಎದುರಿಗೆ ಬಾರದ ಕಡೆ ಅದರ ಬಗ್ಗೆ ಯಾರೂ ಯೋಚಿಸುವುದಿಲ್ಲ.

ಇದರ ನಷ್ಟ ಎಷ್ಟೆಂದು ಸಾಮಾನ್ಯ ಗಣಿತದಿಂದಲೇ ಅಳೆಯಬಹುದು. ದುರ್ಬಲ ಸಂಪರ್ಕವಿರುವ ಹಳ್ಳಿಯೊಂದರಲ್ಲಿ ಹತ್ತು ಕೋರಿಕೆಗಳಲ್ಲಿ ಒಂಬತ್ತು ಗೆಲ್ಲುತ್ತವೆ ಎಂದುಕೊಳ್ಳೋಣ, ಒಂದರ ಸೋಲಿಗೂ ಇನ್ನೊಂದರ ಸೋಲಿಗೂ ಸಂಬಂಧವಿಲ್ಲ ಎಂದೂ ಇಟ್ಟುಕೊಳ್ಳೋಣ. ಕೇಳಲು ಇದು ಪರವಾಗಿಲ್ಲ ಎನಿಸುವ ಸ್ಥಿತಿ. ಆದರೆ ಐದೂ ಏಕಕಾಲಕ್ಕೆ ಗೆಲ್ಲುವ ಸಂಭವ 0.9ನ್ನು ಐದು ಸಲ ಗುಣಿಸಿದಷ್ಟು, ಅಂದರೆ ಶೇ 59. ಎಲ್ಲವೂ ಬಂದರೆ ಮಾತ್ರ ತೋರಿಸುವ ಪುಟ ಆ ಹಳ್ಳಿಯಲ್ಲಿ ಹತ್ತರಲ್ಲಿ ನಾಲ್ಕು ಸಲ ಕೈಕೊಡುತ್ತದೆ. ಕೋರಿಕೆಗಳು ಎಂಟಾದರೆ ಗೆಲ್ಲುವ ಸಂಭವ ಶೇ 43ಕ್ಕೆ ಇಳಿಯುತ್ತದೆ, ಪುಟ ತೆರೆಯುವುದಕ್ಕಿಂತ ತೆರೆಯದಿರುವುದೇ ಹೆಚ್ಚು. ನೆಟ್‌ವರ್ಕ್ ಶೇ 90ರಷ್ಟು ಕೆಲಸ ಮಾಡುತ್ತಿರುವಾಗಲೇ ಜನರಿಗೆ ಸಿಗುವುದು ಅರ್ಧಕ್ಕಿಂತ ಕಡಿಮೆ ಸೇವೆ! ಈ ಅಂತರವನ್ನು ಸೃಷ್ಟಿಸಿದ್ದು ಟವರ್ ಅಲ್ಲ, ಬೆಟ್ಟವೂ ಅಲ್ಲ, ಉತ್ತರಗಳನ್ನು ಗಂಟುಹಾಕಿದ ರೀತಿ.

ಇಲ್ಲೊಂದು ಆಕ್ಷೇಪ ಏಳುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಮೂಲ ರೋಗ ಸರ್ವರಿನದ್ದು ಮತ್ತು ಸಂಪರ್ಕದ್ದು, ಅದನ್ನು ಸರಿಪಡಿಸದೆ ಪುಟದ ಕೋಡ್ ತಿದ್ದಿ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. 2023ರ ಜೂನ್ 18ರಂದು ಗೃಹಜ್ಯೋತಿ ನೋಂದಣಿ ಸೇವಾ ಸಿಂಧುವಿನಲ್ಲಿ ಶುರುವಾದಾಗ ರಾಜ್ಯದಾದ್ಯಂತ ಸರ್ವರ್ ನಿಧಾನವಾದದ್ದು ಎಲ್ಲರ ನೆನಪಿನಲ್ಲಿದೆ. ಅಂಥ ನೂಕುನುಗ್ಗಲಿಗೆ ಸರ್ವರ್ ಸಾಮರ್ಥ್ಯ ಬೇಕೇ ಬೇಕು. ಬೆಟ್ಟದ ಪೋಡುಗಳಿಗೆ ಟವರೂ ಬೇಕು. ಆದರೆ 2011ರಿಂದ ಹುಲಿ ಸಂರಕ್ಷಿತ ಪ್ರದೇಶವಾಗಿರುವ ಆ ಬೆಟ್ಟದ ಕಾಡಿನಲ್ಲಿ ಟವರ್ ಏಳಲು ಅನುಮತಿಗಳ ದೊಡ್ಡ ಸಾಲನ್ನೇ ದಾಟಬೇಕು, ಕೋಡ್ ತಿದ್ದಲು ಕೆಲವು ದಿನ ಸಾಕು. ಅದಕ್ಕಿಂತ ಮುಖ್ಯವಾದ ಉತ್ತರ ಆಗಲೇ ಮಾಡಿದ ಸಂಭವದ ಲೆಕ್ಕದಲ್ಲೇ ಇದೆ. ಸೋತ ಪುಟವನ್ನು ಜನ ಏನು ಮಾಡುತ್ತಾರೆ? ರಿಫ್ರೆಶ್ ಒತ್ತುತ್ತಾರೆ. ಆಗ ಐದೂ ಕೋರಿಕೆಗಳು ಹೊಸದಾಗಿ ಹೊರಡುತ್ತವೆ. ಐದೂ ಒಟ್ಟಿಗೆ ಗೆಲ್ಲುವವರೆಗೆ ಹೀಗೆ ಒತ್ತುತ್ತಿದ್ದರೆ, ಮೇಲಿನ ಲೆಕ್ಕದಂತೆ ಒಬ್ಬೊಬ್ಬರ ಕೆಲಸಕ್ಕೂ ಸರಾಸರಿ 8.5 ಕೋರಿಕೆಗಳು ಖರ್ಚಾಗುತ್ತವೆ. ಸೋತದ್ದನ್ನು ಮಾತ್ರ ಮತ್ತೆ ಕೇಳುವ ಪುಟಕ್ಕೆ ಬೇಕಾಗುವುದು 5.6. ಅಂದರೆ ಒಂದು ಉತ್ತರ ಬಾರದ್ದಕ್ಕೆ ಎಲ್ಲವನ್ನೂ ಎಸೆಯುವ ಪುಟ, ಮೊದಲೇ ಬಳಲಿರುವ ಸರ್ವರಿನ ಮೇಲೆ ಅರ್ಧದಷ್ಟು ಹೆಚ್ಚುವರಿ ಹೊರೆ ಹೇರುತ್ತದೆ. ಸರ್ವರ್ ಕುಸಿದದ್ದರಿಂದ ಪುಟ ಸೋಲುತ್ತದೆ, ಪುಟ ಸೋಲುವುದರಿಂದ ಸರ್ವರ್ ಇನ್ನಷ್ಟು ಕುಸಿಯುತ್ತದೆ. ಸರ್ವರನ್ನು ಮೊದಲು ಸರಿಮಾಡಿ ಎನ್ನುವವರು ಪುಟವನ್ನೂ ಜೊತೆಯಲ್ಲೇ ಸರಿಮಾಡಬೇಕಾದದ್ದು ಈ ಕಾರಣಕ್ಕೆ. ಮತ್ತೆ ಕೇಳುವುದಕ್ಕೂ ಒಂದು ಸಂಯಮ ಬೇಕು. ಪ್ರತಿ ಸೋಲಿನ ನಂತರ ಕಾಯುವ ಸಮಯವನ್ನು ಹಿಗ್ಗಿಸುತ್ತಾ, ಎಲ್ಲರೂ ಒಂದೇ ಕ್ಷಣಕ್ಕೆ ಮುಗಿಬೀಳದಂತೆ ಆ ಸಮಯವನ್ನು ಸ್ವಲ್ಪ ಏರುಪೇರು ಮಾಡುವುದು ಬಲ್ಲವರು ಬಹುಕಾಲದಿಂದ ಅನುಸರಿಸುತ್ತಿರುವ ಕ್ರಮ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಅರ್ಧ ಮಾಹಿತಿ ಅಪಾಯಕಾರಿ ಅಲ್ಲವೇ? ಜಮೀನು ಕೊಳ್ಳಲು ಹೊರಟವನಿಗೆ ಪಹಣಿ ಕಂಡಿತು, ಋಣಭಾರದ ವಿವರ ಬರಲಿಲ್ಲ. ಆ ಜಾಗ ಖಾಲಿಯಾಗಿದ್ದುದನ್ನು ನೋಡಿ ಜಮೀನಿನ ಮೇಲೆ ಸಾಲವೇ ಇಲ್ಲವೆಂದು ಆತ ನಂಬಿದರೆ? ಈ ಭಯ ನ್ಯಾಯವಾದದ್ದು. ಆದರೆ ಅಪಾಯ ಹುಟ್ಟುವುದು ಪಹಣಿ ತೋರಿಸಿದ್ದರಿಂದಲ್ಲ, ‘ಋಣಭಾರ ಇಲ್ಲ’ ಎಂಬುದಕ್ಕೂ ‘ಋಣಭಾರದ ಮಾಹಿತಿ ಬರಲಿಲ್ಲ’ ಎಂಬುದಕ್ಕೂ ಪುಟ ವ್ಯತ್ಯಾಸ ತೋರಿಸದಿದ್ದರಿಂದ. ಈ ಎರಡನ್ನು ಬೇರೆಯಾಗಿ ಹೇಳಬಲ್ಲದ್ದು ಪ್ರತಿ ಕೋರಿಕೆಯ ಗತಿಯನ್ನೂ ಲೆಕ್ಕವಿಟ್ಟ ಪುಟ ಮಾತ್ರ. ಎಲ್ಲ ಉತ್ತರಗಳೂ ಸೇರಿದರಷ್ಟೇ ಅರ್ಥ ಬರುವ ಸಂದರ್ಭಗಳು ಇಲ್ಲವೆಂದು ನಾನು ಹೇಳುತ್ತಿಲ್ಲ. ಆದಾಯ, ಜಾತಿ, ವ್ಯಾಸಂಗ ಮೂರನ್ನೂ ನೋಡಿ ಒಬ್ಬ ವಿದ್ಯಾರ್ಥಿ ಅರ್ಹನೋ ಅಲ್ಲವೋ ಎಂದು ತೀರ್ಪು ಕೊಡುವಾಗ ಎರಡನ್ನು ನೋಡಿ ತೀರ್ಪು ಕೊಡಲು ಬರುವುದಿಲ್ಲ. ಅಲ್ಲಿ ಪ್ರಾಮಿಸ್.ಆಲ್ ಸರಿಯಾದ ಸಾಧನ. ಆಗಲೂ ಬಂದ ಎರಡನ್ನು ಉಳಿಸಿಕೊಳ್ಳಲು, ಮೂರನೆಯದನ್ನಷ್ಟೇ ಮತ್ತೆ ಕೇಳಲು, ‘ಆದಾಯ ಪ್ರಮಾಣಪತ್ರದ ಪರಿಶೀಲನೆ ಬಾಕಿ ಇದೆ’ ಎಂದು ಬರೆಯಲು ಅಡ್ಡಿ ಏನು? ಆ ಒಂದು ಸಾಲು ಕಂಡರೆ ಕೇಂದ್ರದಲ್ಲಿ ಕೂತವರಿಗೂ ಎದುರಿಗೆ ನಿಂತವರಿಗೂ ನಾಡಕಚೇರಿಗೆ ಹೋಗಬೇಕೋ ಅರ್ಧ ಗಂಟೆ ಕಾಯಬೇಕೋ ಎಂದು ನಿರ್ಧರಿಸಲು ಆಧಾರ ಸಿಗುತ್ತದೆ.

ಸೋಲನ್ನು ಸೋಲೆಂದು ಗುರುತಿಸುವುದರಲ್ಲೂ ಎಡವಟ್ಟುಗಳಿವೆ. ಈಗ ಬಳಕೆಯಲ್ಲಿರುವ ಫೆಚ್ ಎಂಬ ಸಾಧನ ಸಂಪರ್ಕವೇ ಕಡಿದುಹೋದರೆ ಮಾತ್ರ ಸೋತೆ ಎನ್ನುತ್ತದೆ. ಸರ್ವರ್ ‘500, ಒಳಗೆ ದೋಷವಾಗಿದೆ’ ಎಂದು ಉತ್ತರಿಸಿದರೆ ಫೆಚ್‌ನ ಲೆಕ್ಕದಲ್ಲಿ ಅದೂ ಬಂದ ಉತ್ತರವೇ. ಉತ್ತರದ ಸ್ಥಿತಿಸಂಖ್ಯೆಯನ್ನು ಬರೆಯುವವರೇ ನೋಡಬೇಕು, ನೋಡದಿದ್ದರೆ ದೋಷದ ಸಂದೇಶವನ್ನೇ ಮಾಹಿತಿ ಎಂದು ಪುಟ ನುಂಗಿಬಿಡುತ್ತದೆ. ಫೆಚ್‌ಗೆ ತನ್ನದೇ ಆದ ಕಾಲಮಿತಿಯೂ ಇಲ್ಲ. ಕೋಡ್‌ನಲ್ಲಿ ಮಿತಿ ಹಾಕದಿದ್ದರೆ ಬ್ರೌಸರ್ ತಾನಾಗಿ ಕೈಬಿಡುವವರೆಗೆ, ಎಂದರೆ ನಿಮಿಷಗಟ್ಟಲೆ, ಚಕ್ರ ತಿರುಗುತ್ತಲೇ ಇರುತ್ತದೆ. ಸರದಿಯಲ್ಲಿ ಇಪ್ಪತ್ತು ಜನ ನಿಂತಿರುವಾಗ ತಿರುಗುವ ಚಕ್ರಕ್ಕಿಂತ ‘ಇಲ್ಲ’ ಎಂಬ ಉತ್ತರವೇ ಮೇಲು. ಇಲ್ಲಿ ಕರ್ನಾಟಕಕ್ಕೆ ಹೊರಗಿನಿಂದ ಪಾಠ ಬೇಕಿಲ್ಲ. 2012ರ ಏಪ್ರಿಲ್ 2ರಂದು ರಾಜ್ಯವ್ಯಾಪಿಯಾಗಿ ಜಾರಿಗೆ ಬಂದ ಸಕಾಲ ಕಾಯ್ದೆಯ ತಿರುಳು ಇದೇ ಅಲ್ಲವೇ? ಅರ್ಜಿ ಕೊಟ್ಟ ಕೂಡಲೇ ಒಂದು ಸಂಖ್ಯೆ ಕೈಗೆ ಬರಬೇಕು, ಪ್ರತಿ ಸೇವೆಗೂ ಗೊತ್ತುಪಡಿಸಿದ ಗಡುವು ಇರಬೇಕು, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ. ಅರ್ಜಿ ಎಲ್ಲಿದೆ ಎಂದು ಸಂಖ್ಯೆ ಹಿಡಿದು ಕೇಳುವ ಹಕ್ಕನ್ನು ಆ ಕಾಯ್ದೆ ಪ್ರಜೆಗೆ ಕೊಟ್ಟಿತು. ಕಚೇರಿಯ ಮೇಜಿಗೆ ಹಾಕಿದ ಈ ಕಟ್ಟಳೆಯನ್ನು ಪರದೆಗೆ ಮಾತ್ರ ಹಾಕದೆ ಬಿಟ್ಟಿದ್ದೇವೆ. ಒಂದು ಕೋರಿಕೆಗೆ 15 ಸೆಕೆಂಡು ಗಡುವು, ಮೀರಿದರೆ ಯಾವ ಇಲಾಖೆಯ ಉತ್ತರ ಬಂದಿಲ್ಲವೆಂಬ ಸ್ಪಷ್ಟ ಮಾತು: ಸಕಾಲದ ನ್ಯಾಯವನ್ನು ಬ್ರೌಸರಿಗೆ ಅನ್ವಯಿಸಿದರೆ ಬೇಕಾಗುವುದು ಇಷ್ಟೇ.

ಸಕಾಲದಂಥ ಸಂಖ್ಯೆಯ ವಿಚಾರ ಇನ್ನೂ ಒಂದು ಕಡೆ ಬೇಕಾಗುತ್ತದೆ. ಮಾಹಿತಿ ಓದುವ ಕೋರಿಕೆಯನ್ನು ಎಷ್ಟು ಸಲ ಕಳಿಸಿದರೂ ದಾಖಲೆಯಲ್ಲಿ ಏನೂ ಬದಲಾಗುವುದಿಲ್ಲ. ಅರ್ಜಿ ಸಲ್ಲಿಸುವ, ಶುಲ್ಕ ಕಟ್ಟುವ ಕೋರಿಕೆ ಹಾಗಲ್ಲ. ಶುಲ್ಕ ಸರ್ವರಿಗೆ ತಲುಪಿ, ರಸೀದಿ ಮಾತ್ರ ದಾರಿಯಲ್ಲಿ ಕಳೆದುಹೋದರೆ ಪುಟಕ್ಕೆ ಅದು ಸೋಲಿನಂತೆಯೇ ಕಾಣುತ್ತದೆ. ಮತ್ತೆ ಒತ್ತಿದರೆ ಹಣ ಎರಡು ಸಲ ಹೋಗುತ್ತದೆ. ಎಚ್‌ಟಿಟಿಪಿ ನಿಯಮಗಳೇ ಓದುವ ಗೆಟ್ ಮತ್ತು ಸಲ್ಲಿಸುವ ಪೋಸ್ಟ್ ಎಂದು ಈ ಭೇದ ಮಾಡಿವೆ. ಇದಕ್ಕೆ ಪರಿಹಾರ, ಅರ್ಜಿ ತುಂಬಲು ಶುರುಮಾಡಿದಾಗಲೇ ಬ್ರೌಸರ್ ಒಂದು ವಿಶಿಷ್ಟ ಸಂಖ್ಯೆ ಹುಟ್ಟಿಸಿ ಪ್ರತಿ ಪ್ರಯತ್ನದಲ್ಲೂ ಅದನ್ನೇ ಕಳಿಸುವುದು. ಆ ಸಂಖ್ಯೆ ಈಗಾಗಲೇ ಬಂದಿದೆಯೇ ಎಂದು ನೋಡುವ ಸರ್ವರ್, ಬಂದಿದ್ದರೆ ಹಳೆಯ ರಸೀದಿಯನ್ನೇ ಮರಳಿ ಕೊಡುತ್ತದೆ. ಹೀಗಿಲ್ಲದ ಕಡೆ ಸೋತದ್ದನ್ನು ಪುಟ ತಾನಾಗಿ ಮತ್ತೆ ಕಳಿಸಕೂಡದು. ಮೇಲೆ ನಾನು ಮತ್ತೆ ಕೇಳುವುದರ ಪರವಾಗಿ ಹೇಳಿದ್ದೆಲ್ಲ ಓದುವ ಕೋರಿಕೆಗಳಿಗೆ, ಮತ್ತು ಇಂಥ ಸಂಖ್ಯೆ ಹೊತ್ತ ಸಲ್ಲಿಕೆಗಳಿಗೆ ಮಾತ್ರ ಸಲ್ಲುತ್ತದೆ.

ಉತ್ತರಗಳು ಕೇಳಿದ ಕ್ರಮದಲ್ಲೇ ಬರುತ್ತವೆಂಬ ನಂಬಿಕೆಯೂ ಇಂಥದ್ದೇ ಒಂದು ತಪ್ಪಿಗೆ ದಾರಿ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂದು ಒಂದೊಂದೇ ಆರಿಸುವ ಪುಟದಲ್ಲಿ ಒಬ್ಬರು ಮೊದಲು ಕೊಳ್ಳೇಗಾಲ ಒತ್ತಿ, ತಕ್ಷಣ ತಿದ್ದಿ ಯಳಂದೂರು ಎನ್ನುತ್ತಾರೆ. ಎರಡು ಕೋರಿಕೆ ಹೊರಟವು. ಯಳಂದೂರಿನ ಹೋಬಳಿಗಳ ಪಟ್ಟಿ ಬೇಗ ಬಂತು, ಕೊಳ್ಳೇಗಾಲದ್ದು ತಡವಾಗಿ ಬಂದು ಅದರ ಮೇಲೆ ಕೂತಿತು. ಈಗ ತಾಲ್ಲೂಕಿನ ಜಾಗದಲ್ಲಿ ಯಳಂದೂರು, ಹೋಬಳಿಯ ಜಾಗದಲ್ಲಿ ಕೊಳ್ಳೇಗಾಲದ ಪಟ್ಟಿ. ಅಗರದ ಬದಲು ಪಾಳ್ಯ ಕಂಡರೆ ಊರಿನವರು ತಪ್ಪನ್ನು ಹಿಡಿದಾರು. ಆದರೆ ಕಸಬಾ ಎಂಬ ಹೋಬಳಿ ಬಹಳಷ್ಟು ತಾಲ್ಲೂಕುಗಳಲ್ಲಿ ಇದೆ, ಅದನ್ನು ಆರಿಸಿದವರಿಗೆ ತಪ್ಪು ಕಾಣುವುದೇ ಇಲ್ಲ. ಹಳೆಯ ಕೋರಿಕೆಯನ್ನು ರದ್ದುಮಾಡಲು ಬ್ರೌಸರಿನಲ್ಲೇ ಅಬಾರ್ಟ್‌ಕಂಟ್ರೋಲರ್ ಇದೆ. ಅದು ಬೇಡವೆಂದರೆ, ಉತ್ತರ ಬಂದಾಗ ಅದು ಈಗ ಆರಿಸಿರುವ ತಾಲ್ಲೂಕಿನದೇ ಎಂದು ಒಮ್ಮೆ ಹೋಲಿಸಿ ನೋಡಿದರೂ ಸಾಕು. ಈ ಹೋಲಿಕೆಯನ್ನು ಬಿಟ್ಟ ಪುಟ ವೇಗದ ಸಂಪರ್ಕದಲ್ಲಿ ತಪ್ಪುವುದು ಅಪರೂಪ, ನಿಧಾನದ ಸಂಪರ್ಕದಲ್ಲಿ ಆಗಾಗ ತಪ್ಪುತ್ತದೆ. ಪರೀಕ್ಷೆ ನಡೆಯುವುದು ಮೊದಲನೆಯ ಕಡೆ, ಬಳಕೆ ಎರಡನೆಯ ಕಡೆ.

ಇಷ್ಟೆಲ್ಲ ತಲೆನೋವು ಬ್ರೌಸರಿಗೆ ಯಾಕೆ, ಹಿಂದಿನ ಸರ್ವರೇ ಐದೂ ಕಡೆ ಕೇಳಿ ಒಂದೇ ಉತ್ತರ ಕಟ್ಟಿಕೊಡಲಿ ಎಂಬ ಸಲಹೆ ಎಂಜಿನಿಯರುಗಳಿಂದ ಬರುತ್ತದೆ. ಒಳ್ಳೆಯ ಸಲಹೆ, ದುರ್ಬಲವಾದ ದಾರಿಯಲ್ಲಿ ಐದು ಪ್ರಯಾಣದ ಬದಲು ಒಂದೇ ಆಗುತ್ತದೆ. ಆದರೆ ಒಂದು ಇಲಾಖೆ ಉತ್ತರಿಸದಿದ್ದಾಗ ಏನು ಮಾಡಬೇಕೆಂಬ ಪ್ರಶ್ನೆ ಅಲ್ಲಿಯೂ ಹಾಗೆಯೇ ಕಾದಿರುತ್ತದೆ, ಉತ್ತರಿಸುವ ಜಾಗವಷ್ಟೇ ಬದಲಾಗುತ್ತದೆ. ಹಳೆಯ ಮೊಬೈಲುಗಳ ಬ್ರೌಸರಿಗೆ ಆಲ್‌ಸೆಟಲ್ಡ್ ಗೊತ್ತಿಲ್ಲ ಎನ್ನುವವರಿಗೆ, ಪ್ರತಿ ಕೋರಿಕೆಯ ಸೋಲನ್ನು ಅಲ್ಲಲ್ಲೇ ಹಿಡಿದು ‘ಸೋತಿದೆ’ ಎಂಬ ಗುರುತಾಗಿ ಮಾರ್ಪಡಿಸಿದರೆ ಹಳೆಯ ಪ್ರಾಮಿಸ್.ಆಲ್‌ನಿಂದಲೇ ಅದೇ ಫಲ ಸಿಗುತ್ತದೆ, ಮೂರ್ನಾಲ್ಕು ಸಾಲಿನ ಕೆಲಸ. ಎಲ್ಲವನ್ನೂ ಒಟ್ಟಿಗೆ ಕಳಿಸುವುದಕ್ಕೂ ಮಿತಿ ಇದೆ ಎಂಬ ಮಾತು ಮಾತ್ರ ನಿಜ. ಹಳೆಯ ಎಚ್‌ಟಿಟಿಪಿ ಪದ್ಧತಿಯಲ್ಲಿ ಬ್ರೌಸರುಗಳು ಒಂದು ಸರ್ವರಿಗೆ ಒಮ್ಮೆಗೆ ಸಾಮಾನ್ಯವಾಗಿ ಆರು ಸಂಪರ್ಕಗಳನ್ನಷ್ಟೇ ತೆರೆಯುತ್ತವೆ, ಮಿಕ್ಕವು ಸರದಿಯಲ್ಲಿ ಕಾಯುತ್ತವೆ. ಐವತ್ತು ಫಲಾನುಭವಿಗಳ ವಿವರವನ್ನು ಐವತ್ತು ಕೋರಿಕೆಯಾಗಿ ಒಮ್ಮೆಲೇ ಚೆಲ್ಲುವುದರ ಬದಲು ನಾಲ್ಕೈದರ ತಂಡಗಳಾಗಿ ಕಳಿಸುವುದು ವಾಸಿ.

ಉಳಿದದ್ದು ಹಣ ಮತ್ತು ಸಮಯದ ಆಕ್ಷೇಪ. ಕಡಿಮೆ ದರಕ್ಕೆ ಟೆಂಡರ್ ಹಿಡಿದ ಸಣ್ಣ ಕಂಪನಿ ಇದನ್ನೆಲ್ಲ ತಾನಾಗಿ ಮಾಡೀತೆಂದು ನಿರೀಕ್ಷಿಸುವುದು ತಪ್ಪು, ಅದು ಕೇಳಿದ್ದನ್ನು ಕೊಡುತ್ತದೆ. ಹಾಗಾದರೆ ಕೇಳುವವರು ಕೇಳಬೇಕು. ಪರೀಕ್ಷಿಸಲು ಹೊಸ ಯಂತ್ರವೇನೂ ಬೇಡ. ಸಂಪರ್ಕವನ್ನು ಬೇಕೆಂದೇ ನಿಧಾನಗೊಳಿಸುವ, ಯಾವುದೋ ಒಂದು ಕೋರಿಕೆಯನ್ನಷ್ಟೇ ತಡೆಯುವ ಸೌಲಭ್ಯ ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಉಚಿತವಾಗಿಯೇ ಇದೆ. ಸರ್ಕಾರದ ಪರವಾಗಿ ಪುಟವನ್ನು ಒಪ್ಪಿಕೊಳ್ಳುವ ಅಧಿಕಾರಿಗಳಲ್ಲಿ ನನ್ನ ಮನವಿ ಇದು: ಕೊನೆಯ ಬಿಲ್ಲಿಗೆ ಸಹಿ ಹಾಕುವ ಮುನ್ನ ಆ ಪುಟವನ್ನು ಯಳಂದೂರು ತಾಲ್ಲೂಕಿನ ಒಂದು ಗ್ರಾಮ ಒನ್ ಕೇಂದ್ರದಲ್ಲಿ, ಅಲ್ಲಿರುವ ಸಂಪರ್ಕದಲ್ಲೇ ತೆರೆದು ನೋಡಿ. ಅದರ ಕೋರಿಕೆಗಳನ್ನು ಒಂದಾದ ಮೇಲೊಂದು ತಡೆಯುತ್ತಾ ಹೋಗಿ. ಪ್ರತಿ ಸಲವೂ ಬಂದ ಮಾಹಿತಿ ಪರದೆಯ ಮೇಲೆ ನಿಂತಿರಬೇಕು, ಬಾರದ ಇಲಾಖೆಯ ಹೆಸರು ಕನ್ನಡದಲ್ಲಿ ಕಾಣಬೇಕು, ಅದೊಂದನ್ನು ಮಾತ್ರ ಮತ್ತೆ ಕೇಳುವ ಗುಂಡಿ ಇರಬೇಕು. ಇಲ್ಲವಾದರೆ ಪುಟವನ್ನು ಕಂಪನಿಗೆ ವಾಪಸ್ ಕಳಿಸಿ.